ಹಳೇ ಮನೆ ಬಿಚ್ಚುವ ಮುಂಚೆ ಒಂದು ಪ್ರಶ್ನೆ: ನಮ್ಮ ಹಳಬರು 'ಒಳ್ಳೇ ಕೆಲಸ' ಅಂತ ಯಾವುದಕ್ಕೆ ಅನ್ನುತ್ತಿದ್ದರು?

ಜಗುಲಿಕಟ್ಟೆ

ಎಲ್ಲರಿಗೂ ನಮಸ್ಕಾರ. ಸಾಗರದ ಕಡೆ ನಮ್ಮ ಅಜ್ಜನ ಮನೆ ಇದೆ. ಜಂಬಿಟ್ಟಿಗೆ ಕಲ್ಲಿನ ಗೋಡೆ, ಹಂಚಿನ ಮಾಡು, ನಡುವೆ ಅಂಗಳ. ಮೂರು ವರ್ಷದ ಹಿಂದೆ ಒಬ್ಬ ಕಂಟ್ರಾಕ್ಟರ್ ಮಾತು ಕೇಳಿ ಗೋಡೆಗಳಿಗೆಲ್ಲ ಸಿಮೆಂಟ್ ಗಿಲಾವು ಮಾಡಿಸಿದೆವು. ಎರಡೇ ಮಳೆಗಾಲ. ಒಳಗಡೆ ತೇವ ಎದೆಮಟ್ಟಕ್ಕೆ ಏರಿತು, ಗಿಲಾವು ಹಪ್ಪಳದ ಹಾಗೆ ಎದ್ದು ಬಂತು. ಅಷ್ಟು ವರ್ಷ ಒಣಗಿಕೊಂಡೇ ಇದ್ದ ಗೋಡೆ ಅದು. ಆ ಚಕ್ಕೆಗಳನ್ನು ಗುಡಿಸುವಾಗ ನನಗೆ ನಿಜವಾಗಿ ಹೊಟ್ಟೆ ಉರಿಯಿತು.

ಈಗ ಮಾಡಿನ ಮರ ಕೆಲವು ಕಡೆ ಒರಲೆ ತಿಂದಿದೆ. ಪೂರ್ತಿ ಬಿಚ್ಚಿ ಕಟ್ಟಬೇಕು. ಓದೋಣ ಅಂತ ಕೂತರೆ ಎಲ್ಲಿ ನೋಡಿದರೂ ಅಡುಗೆಮನೆ ಯಾವ ದಿಕ್ಕು, ಮೆಟ್ಟಿಲು ಯಾವ ಮೂಲೆ ಅನ್ನುವುದೇ. ಈ ಮನೆ ಕಟ್ಟಿದ ಆಚಾರಿಗೆ ಅಷ್ಟೇ ಗೊತ್ತಿತ್ತಾ? ಖಂಡಿತ ಇಲ್ಲ. ಹಾಗಾದರೆ ಅವನ ಮನಸ್ಸಿನಲ್ಲಿ ಇದ್ದ ನಿಯಮಗಳು ಯಾವುವು? ಮನೆ, ಗುಡಿ, ಸೀರೆ, ಗೊಂಬೆ, ಯಾವುದರ ಬಗ್ಗೆ ಬೇಕಾದರೂ ಹೇಳಿ. ಬಿಚ್ಚುವ ಮೊದಲು ಅದು ತಿಳಿಯಬೇಕು ನನಗೆ.

ನಕ್ಷೆಗಾರ್ತಿ

ಮೊದಲು ಗಿಲಾವಿನ ವಿಷಯ. ಜಂಬಿಟ್ಟಿಗೆ ನೀರು ಕುಡಿಯುವ ಕಲ್ಲು. ಕುಡಿದ ನೀರನ್ನು ಬಿಸಿಲಲ್ಲಿ ಬಿಡುತ್ತದೆ ಕೂಡ. ಸುಣ್ಣದ ಗಾರೆ ಅದಕ್ಕೆ ದಾರಿ ಬಿಡುತ್ತಿತ್ತು. ಸಿಮೆಂಟ್ ಬಿಡಲಿಲ್ಲ. ನೆಲದಿಂದ ಏರಿದ ತೇವಕ್ಕೆ ಹೊರಗೆ ಹೋಗಲು ಜಾಗ ಇಲ್ಲದೆ ಗೋಡೆಯಲ್ಲೇ ನಿಂತಿತು. ಗಿಲಾವು ಅಲುಗಾಡಿಸಿ ಕೆತ್ತಿಸಿ, ಒಂದು ಬೇಸಿಗೆ ಗೋಡೆಯನ್ನು ಹಾಗೇ ಬಿಡಿ. ಆಮೇಲೆ ಸುಣ್ಣದಲ್ಲೇ ಮಾಡಿಸಿ.

ದಿಕ್ಕಿನ ಬಗ್ಗೆ ಒಂದು ಮಾತು. ಹಳೇ ಗ್ರಂಥಗಳಲ್ಲಿ ದಿಕ್ಕು ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅವುಗಳಲ್ಲಿ ಮನೆಗಿಂತ ಮೊದಲು ನೆಲ ಬರುತ್ತದೆ. ವರಾಹಮಿಹಿರನ ಬೃಹತ್ಸಂಹಿತೆ 6ನೇ ಶತಮಾನದ್ದು. ಅದರಲ್ಲಿ ಒಂದು ಪರೀಕ್ಷೆ ಇದೆ. ಒಂದು ಹಸ್ತದ, ಅಂದರೆ ಒಂದು ಮೊಳದ, ಗುಂಡಿ ತೋಡಿ, ತೆಗೆದ ಮಣ್ಣನ್ನೇ ಮತ್ತೆ ತುಂಬಬೇಕು. ಮಣ್ಣು ಮಿಕ್ಕರೆ ಒಳ್ಳೇ ನೆಲ, ಸರಿಹೋದರೆ ಮಧ್ಯಮ, ಸಾಲದೆ ಬಂದರೆ ಬೇಡ. ಇನ್ನೊಂದು: ಗುಂಡಿಗೆ ನೀರು ತುಂಬಿಸಿ ನೂರು ಹೆಜ್ಜೆ ಹೋಗಿ ಬಂದು ನೋಡಬೇಕು. ನೀರು ಇಳಿಯದಿದ್ದರೆ ಒಳ್ಳೆಯದು.

ಇದರಲ್ಲಿ ಗುಟ್ಟೇನೂ ಇಲ್ಲ. ಗಟ್ಟಿಯಾಗಿ ಕೂತ ಮಣ್ಣನ್ನು ಅಗೆದರೆ ಸಡಿಲವಾಗಿ ಉಬ್ಬುತ್ತದೆ, ಹಾಗಾಗಿ ಮಿಗುತ್ತದೆ. ಮೊದಲೇ ಪೊಳ್ಳಾಗಿದ್ದರೆ ಸಾಲುವುದಿಲ್ಲ. ನೀರು ಬೇಗ ಇಂಗಿದರೆ ಮರಳು ಜಾಸ್ತಿ ಅಂತ ಅರ್ಥ. ನಾವು ಇವತ್ತು ಯಂತ್ರ ತಂದು ಮಾಡಿಸುವ ಪರೀಕ್ಷೆಗೂ ಪ್ರಶ್ನೆ ಇದೇ: ಈ ನೆಲ ಭಾರ ಹೊರುತ್ತದಾ? ದಿಕ್ಕಿನ ಪಟ್ಟಿಯನ್ನು ಮಾತ್ರ ಉಳಿಸಿಕೊಂಡು ಗುಂಡಿಯನ್ನು ಮರೆತೆವಲ್ಲ, ಅದು ನನಗೆ ಬೇಸರದ ವಿಷಯ.

ಉಳಿಬಾಚಿ

ನಾನು ಮರದ ಕೆಲಸದವನು. ನಮ್ಮಪ್ಪ, ಅಜ್ಜ ಎಲ್ಲ ಇದೇ ಕೆಲಸ. ನೀವು ಕೇಳಿದ್ದಕ್ಕೆ ನನ್ನ ಉತ್ತರ ಒಂದೇ ಮಾತು. ಕೂಡಿಸಿದ ಜಾಗ ನೋಡಿ.

ಒಂದು ಕೆಲಸ ಒಳ್ಳೇದೋ ಕೆಟ್ಟದ್ದೋ ಅಂತ ಹೇಳಲು ನಮ್ಮಪ್ಪ ಕೆತ್ತನೆ ನೋಡುತ್ತಿರಲಿಲ್ಲ. ಕಂಬದ ಮೇಲೆ ಬೋದಿಗೆ (ತೊಲೆಗೆ ಆಸರೆ ಕೊಡುವ ಅಡ್ಡ ತುಂಡು) ಹೇಗೆ ಕೂತಿದೆ, ಬೋದಿಗೆ ಮೇಲೆ ತೊಲೆ ಹೇಗೆ ಕೂತಿದೆ ಅಂತ ಬಗ್ಗಿ ನೋಡುತ್ತಿದ್ದರು. ಒಂದರ ತುದಿ ಇನ್ನೊಂದರ ತೂತಿನೊಳಗೆ ಕೂತಿರಬೇಕು. ಅಲ್ಲಾಡದ ಹಾಗೆ ಮರದ ಬೆಣೆ ಹೊಡೆದಿರಬೇಕು. ಮೊಳೆ ಇಲ್ಲ. ಯಾಕೆ ಅಂದರೆ ಮರ ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಬೆಣೆಯೂ ಮರವೇ, ಜೊತೆಗೇ ಹಿಗ್ಗಿ ಕುಗ್ಗುತ್ತದೆ. ಕಬ್ಬಿಣ ಹಾಗಲ್ಲ. ತುಕ್ಕು ಹಿಡಿದು ಸುತ್ತಲಿನ ಮರವನ್ನೂ ತಿನ್ನುತ್ತದೆ.

ಇನ್ನೊಂದು ಮುಖ್ಯ. ಬೆಣೆ ಹೊರಗೆ ತೆಗೆದರೆ ಇಡೀ ಜೋಡಣೆ ಬಿಚ್ಚಿಕೊಳ್ಳುತ್ತದೆ. ಒಂದು ತೊಲೆ ಹಾಳಾದರೆ ಅದೊಂದನ್ನೇ ಬದಲಿಸಬಹುದು. ಮುಂದೆ ಬರುವ ಕೆಲಸಗಾರನ ಮೇಲೆ ಮರ್ಯಾದೆ ಇಟ್ಟು ಮಾಡಿದ ಕೆಲಸ ಅದು. ನಿಮ್ಮ ಮನೆಯನ್ನು 'ಒಡೆಯುವುದು' ಅನ್ನದೆ 'ಬಿಚ್ಚುವುದು' ಅಂತ ಬರೆದಿದ್ದೀರಿ. ಅದು ಸರಿಯಾದ ಮಾತು ಅಣ್ಣ.

ಬಳಪದಕಲ್ಲು

ಉಳಿಬಾಚಿಯವರೇ, ನೀವು ಮರದ ಬಗ್ಗೆ ಹೇಳಿದ್ದು ಗ್ರಂಥದಲ್ಲೂ ಇದೆ. ಮಯಮತ ಅನ್ನುವ ಹಳೇ ವಾಸ್ತುಗ್ರಂಥದಲ್ಲಿ ಮರ ಕೂಡಿಸುವುದಕ್ಕೇ ಒಂದು ಅಧ್ಯಾಯ ಇದೆ. ಕಟ್ಟುವವರು ನಾಲ್ಕು ಜನ ಅನ್ನುತ್ತದೆ ಅದು. ಎಲ್ಲ ತಿಳಿದ ಸ್ಥಪತಿ, ದಾರ ಹಿಡಿದು ಅಳೆಯುವ ಸೂತ್ರಗ್ರಾಹಿ, ಕತ್ತರಿಸಿ ಕೆತ್ತುವ ತಕ್ಷಕ, ತುಂಡುಗಳನ್ನು ಕೂಡಿಸುವ ವರ್ಧಕಿ. ಕೂಡಿಸುವುದಕ್ಕೇ ಬೇರೆ ಒಬ್ಬ ಇದ್ದ ನೋಡಿ.

ನಾನು ರಜೆ ಸಿಕ್ಕಾಗಲೆಲ್ಲ ಗುಡಿ ನೋಡಲು ಹೋಗುವವನು. ನನ್ನ ಪಾಲಿಗೆ ಮೊದಲ ನಿಯಮ ಅಳತೆ. ಅದೂ ಮೀಟರು ಅಡಿ ಅಲ್ಲ, ಒಂದು ಭಾಗಕ್ಕೂ ಇನ್ನೊಂದು ಭಾಗಕ್ಕೂ ಇರುವ ಲೆಕ್ಕ. ಮೂರ್ತಿ ಕೆತ್ತುವವರ ನವತಾಳ, ಅಂದರೆ ಒಂಬತ್ತು ತಾಳದ ಅಳತೆ ತಗೊಳ್ಳಿ. ಮುಖ 12 ಅಂಗುಲ, ಅದೇ ಒಂದು ತಾಳ. ಕತ್ತು 4, ಕತ್ತಿನಿಂದ ಎದೆಗೆ 12, ಎದೆಯಿಂದ ಹೊಕ್ಕುಳಿಗೆ 12, ಅಲ್ಲಿಂದ ಕೆಳಗೆ 12, ತೊಡೆ 24, ಮಂಡಿ 4, ಮೊಣಕಾಲಿನಿಂದ ಕೆಳಗೆ 24, ಪಾದ 4. ಕೂಡಿಸಿ, 108 ಬರುತ್ತದೆ. ಇಲ್ಲಿ ಅಂಗುಲ ಅಂದರೆ ಸ್ಕೇಲಿನ ಮೇಲಿನ ಗೆರೆ ಅಲ್ಲ. ಕೈಗೆ ಸಿಕ್ಕ ಕಲ್ಲಿನಲ್ಲಿ ಮೂರ್ತಿ ಎಷ್ಟು ಎತ್ತರವೋ ಅದನ್ನು 108 ಪಾಲು ಮಾಡಿದರೆ ಬರುವ ಒಂದು ಪಾಲು. ಅದಕ್ಕೆ ದೇಹಲಬ್ಧಾಂಗುಲ ಅನ್ನುತ್ತಾರೆ. ಗೇಣುದ್ದದ ಮೂರ್ತಿಗೂ ಆಳೆತ್ತರದ ಮೂರ್ತಿಗೂ ಲೆಕ್ಕ ಅದೇ. ಕಲ್ಲು ಎಷ್ಟಿದೆಯೋ ಅಷ್ಟರಲ್ಲೇ ಸರಿಯಾದ ಮೂರ್ತಿ ಬರುತ್ತದೆ.

ಗದಗದ ಹತ್ತಿರ ಡಂಬಳಕ್ಕೆ ಹೋಗಿ ದೊಡ್ಡಬಸಪ್ಪ ಗುಡಿ ನೋಡಿ. ಗರ್ಭಗುಡಿಯ ಹೊರಗೋಡೆಗೆ 24 ಮೂಲೆಯ ನಕ್ಷತ್ರದ ಆಕಾರ. ನೋಡಿದರೆ ತಲೆ ತಿರುಗುತ್ತದೆ. ಲೆಕ್ಕ ಮಾತ್ರ ಸರಳ. ಒಂದು ಚೌಕ ಹಾಕಿ, ನಡುವಿನ ಗೂಟ ಕದಲಿಸದೆ ಚೌಕವನ್ನು 15 ಡಿಗ್ರಿಯಂತೆ ತಿರುಗಿಸುತ್ತಾ ಹೋಗಿ. ಆರು ಚೌಕಕ್ಕೆ 24 ಮೂಲೆ. ಸೋಮನಾಥಪುರದ ಗುಡಿಯ 16 ಮೂಲೆ ಬೇಕಾದರೆ ನಾಲ್ಕು ಚೌಕ, 22.5 ಡಿಗ್ರಿ. ಒಂದು ಗೂಟ, ಒಂದು ದಾರ ಇದ್ದರೆ ನೆಲದ ಮೇಲೇ ಬರೆಯಬಹುದು. ಮಕ್ಕಳಿಗೆ ಅಂಗಳದಲ್ಲಿ ರಂಗೋಲಿ ಪುಡಿ ಹಿಡಿದು ತೋರಿಸಿ, ಒಂದು ಸಂಜೆಯ ಸಂತೋಷ ಅದು.

ಹಿತ್ತಲಬಾವಿ

ಓದುತ್ತಾ ಖುಷಿಯಾಯಿತು. ಆದರೂ ಒಂದು ವಿಷಯ ಹೇಳದೆ ಇರಲಾರೆ.

ನಾನು ಹುಟ್ಟಿ ಬೆಳೆದದ್ದು ಇಂಥದ್ದೇ ಮನೆಯಲ್ಲಿ. ಜಗುಲಿ ತಂಪು, ಪಡಸಾಲೆ ಚಂದ. ಅಡುಗೆಮನೆ? ಕತ್ತಲು, ಹೊಗೆ. ಅಮ್ಮನ ಕಣ್ಣು ಯಾವಾಗಲೂ ಕೆಂಪಗೆ ಇರುತ್ತಿತ್ತು. ಬಾವಿ ಹಿತ್ತಿಲಲ್ಲಿ, ಬಚ್ಚಲು ಇನ್ನೊಂದು ಮೂಲೆಯಲ್ಲಿ. ಕೊಡ ಹೊತ್ತು ದಿನಕ್ಕೆ ಎಷ್ಟು ಸಲ ಹೊಸ್ತಿಲು ದಾಟಿದಳೋ. ಆ ಎತ್ತರದ ಹೊಸ್ತಿಲನ್ನು ಯಾವ ಅಳತೆಯಲ್ಲಿ ಮಾಡಿದರೋ, ಕೊಡ ಹೊತ್ತವರ ಕಾಲಿನ ಅಳತೆಯಲ್ಲಂತೂ ಅಲ್ಲ.

ಇನ್ನು ಗ್ರಂಥ. ಮೇಲೆ ಹೇಳಿದ ಬೃಹತ್ಸಂಹಿತೆಯಲ್ಲೇ ವರ್ಣಕ್ಕೊಂದು ಮನೆ ಅಳತೆ ಹೇಳಿದೆ. ಮೇಲಿನವರಿಗೆ ದೊಡ್ಡದು, ಕೆಳಗಿನವರಿಗೆ ಚಿಕ್ಕದು. ಹಾಗಾಗಿ ಹಳೆಯದೆಲ್ಲ ದೇಹಕ್ಕೆ, ನೆಲಕ್ಕೆ ಹೊಂದಿಕೊಂಡಿತ್ತು ಅನ್ನುವಾಗ ಯಾರ ದೇಹ ಅಂತ ಕೇಳಲೇಬೇಕು ಅಲ್ವಾ?

ನಕ್ಷೆಗಾರ್ತಿ

ಅಕ್ಕ, ನೀವು ಹೇಳಿದ್ದು ಪೂರ್ತಿ ಸರಿ. ಅದಕ್ಕೆ ಎದುರು ಮಾತು ನನ್ನ ಹತ್ತಿರ ಇಲ್ಲ. ನಾನು ಹಳೇ ಮನೆ ರಿಪೇರಿಗೆ ಹೋದಾಗ ಮೊದಲು ಕೂರುವುದೇ ಅಡುಗೆಮನೆಯಲ್ಲಿ. ಮಾಡಿನ ನಾಲ್ಕು ಹಂಚು ತೆಗೆದು ಗಾಜಿನ ಹಂಚು ಹಾಕಿದರೂ ಸಾಕು, ಒಲೆ ಮುಂದೆ ಬೆಳಕು ಬೀಳುತ್ತದೆ. ಜಗುಲಿಕಟ್ಟೆಯವರೇ, ನಿಮ್ಮ ಮನೆಯಲ್ಲಿ ಅಡುಗೆ ಮಾಡುವವರನ್ನು ಕೇಳಿ ಆಮೇಲೆ ನಕ್ಷೆ ಬರೆಸಿ.

ಹಂಚಿನ ಮಾತು ಬಂತಲ್ಲ, ಅದೂ ಒಂದು ಕಥೆ. ಮಂಗಳೂರು ಹಂಚನ್ನು ನಾವು ನಮ್ಮ ತಲೆತಲಾಂತರದ್ದು ಅಂತ ನೋಡುತ್ತೇವೆ. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಅದಕ್ಕೆ ಮುಂಚೆ ಹುಲ್ಲಿನ ಮಾಡು, ನಾಡ ಹಂಚು. ಹೊಸದನ್ನು ನಮ್ಮ ಆಚಾರಿಗಳು ಯಾಕೆ ಒಪ್ಪಿಕೊಂಡರು? ನನಗೆ ಅನ್ನಿಸುವುದು, ಅದು ಅವರ ನಿಯಮಕ್ಕೆ ಸರಿಯಾಗಿ ಕೂತಿತು. ಒಂದರ ಅಂಚು ಇನ್ನೊಂದಕ್ಕೆ ಕಚ್ಚಿಕೊಳ್ಳುತ್ತದೆ. ಒಂದು ಒಡೆದರೆ ಅದೊಂದನ್ನೇ ಎತ್ತಿ ಬೇರೆ ಹಾಕಬಹುದು. ಏಣಿ ಇದ್ದರೆ ಮನೆಯವರೇ ಮಾಡುವ ಕೆಲಸ.

ಕೊಂಡಿಎಳೆ

ಹುಬ್ಬಳ್ಳಿ ಕಡೆಯವಳು ನಾನು. ಕಸೂತಿ ಹಾಕುತ್ತೇನೆ, ಕಲಿಸುತ್ತೇನೆ. 'ಕೂಡಿಸಿದ ಜಾಗ ನೋಡಿ' ಅಂದದ್ದು ಓದಿ ಮೈ ಜುಮ್ ಅಂತು. ನಮ್ಮ ಕೆಲಸದಲ್ಲೂ ಅದೇ.

ಕಸೂತಿಯಲ್ಲಿ ನಾಲ್ಕು ಹೊಲಿಗೆ. ಗವಂತಿ, ಮುರ್ಗಿ, ನೇಯ್ಗಿ, ಮೆಂತೆ. ಬಟ್ಟೆ ಮೇಲೆ ಚಿತ್ರ ಬರೆದುಕೊಳ್ಳುವ ಹಾಗಿಲ್ಲ. ಎಳೆ ಎಣಿಸಿಯೇ ಹಾಕಬೇಕು. ಗವಂತಿಯಲ್ಲಿ ಸೂಜಿ ಒಂದು ಎಳೆ ಬಿಟ್ಟು ಒಂದು ಹಿಡಿದು ಹೋಗುತ್ತದೆ, ವಾಪಸ್ ಬರುವಾಗ ಬಿಟ್ಟ ಜಾಗ ತುಂಬುತ್ತದೆ. ಹೊರಟಲ್ಲಿಗೇ ಬಂದು ಮುಟ್ಟಬೇಕು. ಗಂಟು ಹಾಕುವಂತಿಲ್ಲ. ಹೀಗೆ ಮಾಡಿದಾಗ ಗವಂತಿ, ಮುರ್ಗಿ ಎರಡೂ ಮುಂದೆ ಹೇಗೋ ಹಿಂದೆಯೂ ಹಾಗೇ ಕಾಣುತ್ತವೆ. ಹುಡುಗಿಯರು ಕಲಿಯಲು ಬಂದರೆ ನಾನು ಮೊದಲು ಬಟ್ಟೆ ತಿರುವಿ ಹಾಕಿ ನೋಡುತ್ತೇನೆ. ಗೋಪುರ, ತೇರು, ತುಳಸಿಕಟ್ಟೆ ಎಷ್ಟೇ ಚಂದ ಬಂದಿರಲಿ, ಹಿಂದೆ ಎಳೆ ಜೋತಾಡುತ್ತಿದ್ದರೆ ಬಿಚ್ಚು ಅನ್ನುತ್ತೇನೆ. ಗಂಟಿಲ್ಲದ ಕಾರಣ ಬಿಚ್ಚಲೂ ಬರುತ್ತದೆ.

ಆ ಕಸೂತಿ ಕೂರುವ ಇಳಕಲ್ ಸೀರೆ ಇದೆಯಲ್ಲ, ಅದರಲ್ಲಿ ಒಡಲು ಬೇರೆ ನೂಲು, ಸೆರಗು ಬೇರೆ ನೂಲು. ಒಡಲು ಹತ್ತಿ ಇದ್ದರೂ ಸೆರಗಿಗೆ ರೇಷ್ಮೆ. ದುಬಾರಿ ರೇಷ್ಮೆ ಸೀರೆಯುದ್ದಕ್ಕೂ ಬೇಕಿಲ್ಲ, ಹೆಗಲ ಮೇಲೆ ಕಾಣುವಲ್ಲಿ ಇದ್ದರೆ ಸಾಕು. ಹಾಗಂತ ಹೊಲಿದು ಅಂಟಿಸುವುದಿಲ್ಲ. ಒಡಲಿನ ಹಾಸಿನ ಎಳೆಗಳಿಗೂ ಸೆರಗಿನ ಎಳೆಗಳಿಗೂ ಒಂದೊಂದಾಗಿ ಕೊಂಡಿ ಹಾಕುತ್ತಾರೆ. ಒಂದರ ಕುಣಿಕೆಯೊಳಗೆ ಇನ್ನೊಂದರ ಕುಣಿಕೆ. ಆ ಕೊಂಡಿ ಹಾಕುವುದು ಕಣ್ಣು, ಬೆನ್ನು ಎರಡನ್ನೂ ಕೇಳುವ ಕೆಲಸ. ನನ್ನ ಹೆಸರು ಅದರಿಂದಲೇ ಇಟ್ಟುಕೊಂಡದ್ದು.

ಬಳಪದಕಲ್ಲು

ವಾಹ್! ಒಂದರೊಳಗೊಂದು ಕುಣಿಕೆ. ಈಗ ನನಗೂ ಎಲ್ಲ ಕಡೆ ಅದೇ ಕಾಣಲು ಶುರುವಾಗಿದೆ.

ಐಹೊಳೆಯ ಲಾಡಖಾನ್ ಗುಡಿಯ ಮಾಡು ನೆನಪಾಯಿತು. ಇಳಿಜಾರಿಗೆ ಹಾಸಿದ ಚಪ್ಪಡಿ. ಚಪ್ಪಡಿ ಚಪ್ಪಡಿ ಸೇರುವ ಸಂದಿನಲ್ಲಿ ಮಳೆನೀರು ಇಳಿಯಬಾರದು. ಅದಕ್ಕೆ ಪ್ರತಿ ಸಂದಿನ ಮೇಲೂ ಮರದ ದಿಮ್ಮಿ ಹಾಗೆ ಕಾಣುವ ಉದ್ದ ಕಲ್ಲು ಮಲಗಿಸಿದ್ದಾರೆ. ದೂರದಿಂದ ಅದು ಅಲಂಕಾರದ ಗೆರೆ. ಹತ್ತಿರ ಹೋದರೆ ಸಂದು ಮುಚ್ಚುವ ಕೆಲಸ.

ಹಂಪಿಯಲ್ಲಿ ಇನ್ನೂ ಚೆನ್ನಾಗಿದೆ. ಅರಮನೆ ಆವರಣದ ಮೆಟ್ಟಿಲು ಪುಷ್ಕರಣಿ ನೋಡಿದ್ದೀರಲ್ಲ? 1980ರ ದಶಕದ ಉತ್ಖನನದಲ್ಲಿ ಮಣ್ಣಿನಡಿಯಿಂದ ಎದ್ದು ಬಂದದ್ದು. ಕಪ್ಪು ಕಲ್ಲಿನ ಮೆಟ್ಟಿಲುಗಳ ಮೇಲೆ ಗುರುತು ಕೆತ್ತಿವೆ. ಯಾವ ದಿಕ್ಕಿನ ಕಲ್ಲು, ಯಾವ ಸಾಲು, ಸಾಲಿನಲ್ಲಿ ಎಷ್ಟನೆಯದು ಅಂತ. ಮೊದಲೇ ಕಡೆದು, ಗುರುತು ಹಾಕಿ, ತಂದು ಜೋಡಿಸಿದ್ದಾರೆ. ಗುರುತು ಅಳಿಸಿ ನುಣುಪು ಮಾಡಲಿಲ್ಲ ನೋಡಿ. ಐದು ಶತಮಾನದ ಮೇಲೂ ಅವು ಓದಲು ಸಿಗುತ್ತವೆ.

ಹೆಸರಿನ ಬಗ್ಗೆಯೂ ಒಂದು ಮಾತು. ನಮ್ಮ ಶಿಲ್ಪಿಗಳು ಹೆಸರು ಹಾಕುತ್ತಿರಲಿಲ್ಲ ಅನ್ನುವವರು ಬೇಲೂರಿಗೆ ಹೋಗಬೇಕು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮದನಿಕೆಗಳ ಕೆಳಗೆ ಹೆಸರು ಕೆತ್ತಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಸಿಗುತ್ತದೆ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಕಟ್ಟಿದ ಗುಂಡ ಅನಿವಾರಿತಾಚಾರಿಯನ್ನು ಶಾಸನವೇ ಹೊಗಳುತ್ತದೆ.

ಮಾಳಿಗೆಮನೆ

ಬಾಗಲಕೋಟೆ ಕಡೆಯವನು. ಎಲ್ಲರೂ ಹಂಚಿನ ಮಾಡು ಹೇಳುತ್ತಿದ್ದೀರಿ. ನಮ್ಮಲ್ಲಿ ಮಳೆ ಕಡಿಮೆ, ಬಿಸಿಲು ಜಾಸ್ತಿ. ಹಾಗಾಗಿ ಮಣ್ಣಿನ ಮಾಳಿಗೆ. ತೊಲೆ, ಜಂತಿ, ಅದರ ಮೇಲೆ ಹಲಗೆ ಇಲ್ಲ ಕಟ್ಟಿಗೆ, ಮೇಲೆ ದಪ್ಪಗೆ ಮಣ್ಣು. ಮೇಲ್ಪದರಕ್ಕೆ ಸವಳು (ಉಪ್ಪಿನಂಶದ) ಮಣ್ಣೇ ಆಗಬೇಕು. ಹೊಲದ ಕಪ್ಪು ಎರೆಮಣ್ಣು ಹಾಕಿದರೆ ಬೇಸಿಗೆಗೆ ಬಿರುಕು ಬಿಡುತ್ತದೆ. ಸವಳು ಮಣ್ಣು ನೀರು ಬಿದ್ದ ಕೂಡಲೇ ಕರಗಿ ಸಂದುಗಳಿಗೆ ಇಳಿದು ಮುಚ್ಚಿಕೊಳ್ಳುತ್ತದೆ. ಬೆಳೆಗೆ ಬಾರದ ಮಣ್ಣು, ಮನೆ ಕಾಯುತ್ತದೆ. ಬೆಳಕಿಗೆ ಮಾಳಿಗೆಯಲ್ಲೇ ಬೆಳಕಿಂಡಿ.

ಮುಂಗಾರಿಗೆ ಮೊದಲು ಪ್ರತಿ ವರ್ಷ ಮಾಳಿಗೆಗೆ ಮಣ್ಣು ಹಾಕಬೇಕು. ಅದು ತೊಂದರೆ ಅಂತ ನಾವೂ ಆರ್‌ಸಿಸಿ ಹಾಕಿಸಿದೆವು. ಈಗ ಮೇ ತಿಂಗಳಲ್ಲಿ ಒಳಗೆ ಮಲಗಲು ಆಗುವುದಿಲ್ಲ. ಹಗಲೆಲ್ಲ ಕಾದ ಸ್ಲ್ಯಾಬು ರಾತ್ರಿಯೆಲ್ಲ ಬಿಸಿ ಬಿಡುತ್ತದೆ. ಪಕ್ಕದ ಮಾಳಿಗೆ ಕೋಣೆಯನ್ನು ಪುಣ್ಯಕ್ಕೆ ಉಳಿಸಿಕೊಂಡಿದ್ದೇವೆ. ಅಪ್ಪ ಅಲ್ಲೇ ಮಲಗುತ್ತಾರೆ.

ನನ್ನ ಮಾತು ಇಷ್ಟೇ: ಸಾಗರದ ನಿಯಮ ನಮಗೆ ಆಗುವುದಿಲ್ಲ, ನಮ್ಮದು ನಿಮಗೆ ಆಗುವುದಿಲ್ಲ. ನಿಮ್ಮ ಮಳೆಗೆ ನಮ್ಮ ಮಾಳಿಗೆ ಒಂದು ವಾರ ನಿಲ್ಲದು. ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿ, 1430ರದ್ದು. ಕಲ್ಲಿನ ಬಸದಿಗೂ ಮನೆಯ ಹಾಗೆ ಇಳಿಜಾರು ಮಾಡು ಕೊಟ್ಟರು, ಮೇಲಿನ ಅಂತಸ್ತನ್ನು ಮರದಲ್ಲಿ ಮಾಡಿದರು. ಮಳೆಗೆ ತಕ್ಕ ಕಟ್ಟಡ.

ಕೊಂಡಿಎಳೆ

ಮಾಳಿಗೆಮನೆ ಅಣ್ಣಾ, ನಮ್ಮ ತವರಿನಲ್ಲೂ ಹಾಗೇ ಇತ್ತು. ಮಣ್ಣು ಹಾಕುವ ದಿನ ಮನೆಮಂದಿಯೆಲ್ಲ ಬುಟ್ಟಿ ಸಾಗಿಸುತ್ತಿದ್ದೆವು.

ಒಂದು ಸೇರಿಸುತ್ತೇನೆ. ಚನ್ನಪಟ್ಟಣದಲ್ಲಿ ಗೊಂಬೆ ಮಾಡುವುದನ್ನು ನೋಡಿದ್ದೆ. ಹಾಲೆ ಮರದ ತುಂಡು ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ತಾನಾಗಿ ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಒಣಗಿದ ತಾಳೆಗರಿ ಒತ್ತಿದರೆ ಹೊಳಪು. ಬೆಂಕಿ ಬೇಡ, ಕುಂಚ ಬೇಡ. ಆಕಾರ ಕೊಟ್ಟ ತಿರುಗುವಿಕೆಯೇ ಬಣ್ಣವನ್ನೂ ಕೊಡುತ್ತದೆ. ಅದನ್ನು ನೋಡುತ್ತಾ ಎಷ್ಟು ಹೊತ್ತು ನಿಂತಿದ್ದೆನೋ.

ಜಗುಲಿಕಟ್ಟೆ

ಎಲ್ಲರಿಗೂ ಮನಸಾರೆ ಧನ್ಯವಾದ. ಮೂರು ಸಲ ಓದಿದೆ. ಅಮ್ಮನಿಗೂ ಓದಿ ಹೇಳಿದೆ.

ಹಿತ್ತಲಬಾವಿ ಅಕ್ಕನ ಮಾತು ಕೇಳಿ ಅಮ್ಮ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದರು. ಆಮೇಲೆ 'ಒಲೆ ಹಿಂದಿನ ಗೋಡೆಗೆ ಒಂದು ಕಿಟಕಿ ಬೇಕು ಅಂತ ಮದುವೆಯಾಗಿ ಬಂದ ವರ್ಷವೇ ಹೇಳಿದ್ದೆ' ಅಂದರು. ಈ ಸಲ ಮೊದಲು ಆಗುವ ಕೆಲಸ ಅದೇ. ಬಚ್ಚಲಿನ ಹೊಸ್ತಿಲನ್ನೂ ತಗ್ಗಿಸುತ್ತೇವೆ. ಗಿಲಾವು ಕೆತ್ತಲು ಜನ ಸಿಕ್ಕಿದ್ದಾರೆ. ಸುಣ್ಣ ನೆನೆಹಾಕಲು ಹಿತ್ತಿಲಲ್ಲಿ ಗುಂಡಿ ತೋಡಿದೆವು. ತೆಗೆದ ಮಣ್ಣನ್ನು ಒಮ್ಮೆ ವಾಪಸ್ ತುಂಬಿ ನೋಡಿದೆ. ಒಂದು ಬುಟ್ಟಿಯಷ್ಟು ಮಿಕ್ಕಿತು!

ಮಾಡು ಮುಂದಿನ ವಾರ ಬಿಚ್ಚುತ್ತೇವೆ. ಹಂಪಿಯ ಪುಷ್ಕರಣಿ ಓದಿದ ಮೇಲೆ ಪ್ರತಿ ತೊಲೆಗೂ ಪಕಾಸಿಗೂ (ಮಾಡಿನ ಇಳಿಜಾರು ಮರ) ನಂಬರ್ ಹಾಕಿ ಇಳಿಸಬೇಕು ಅನ್ನಿಸಿದೆ. ಉಳಿಬಾಚಿಯವರೇ, ಪೇಂಟಿನಲ್ಲಿ ಬರೆದರೆ ಸಾಕಾ?

ಉಳಿಬಾಚಿ

ಪೇಂಟು ಬೇಡ ಅಣ್ಣ. ಮರಕ್ಕೆ ಎಣ್ಣೆ ಕೊಡುವಾಗ ಅಳಿಸಿ ಹೋಗುತ್ತದೆ. ಉಳಿಯಲ್ಲಿ ಸಣ್ಣ ಗುರುತು ಹೊಡೆಸಿ. ಗೋಡೆ ಮೇಲೆ ಕೂರುವ ತುದಿಯ ಹತ್ತಿರ, ಮೇಲ್ಮುಖಕ್ಕೆ. ಅಲ್ಲಾದರೆ ಕೆಳಗಿನಿಂದ ಕಾಣುವುದಿಲ್ಲ, ಸವೆಯುವುದೂ ಇಲ್ಲ. ಮೂಡಣ ಸಾಲಿಗೆ ಒಂದು ಅಕ್ಷರ, ಪಡುವಣಕ್ಕೆ ಇನ್ನೊಂದು, ಪಕ್ಕದಲ್ಲಿ ಎಣಿಕೆ.

ಗುರುತು ಹೊಡೆಯುವ ಮುಂಚೆ ಒಮ್ಮೆ ಆ ಜಾಗ ಒರೆಸಿ ನೋಡಿ. ಹಿಂದಿನವರು ಹೊಡೆದ ಗುರುತು ಇದ್ದರೂ ಇರಬಹುದು. ಇದ್ದರೆ ಅದನ್ನೇ ಬಳಸಿ, ಹೊಸದು ಬೇಡ.

ಕಂಬ ಇಳಿಸುವಾಗ ಬುಡ ಯಾವುದು, ತುದಿ ಯಾವುದು ಅಂತ ಬೇರೆ ಗುರುತು ಮಾಡಿಸಿ. ಮರ ಹೇಗೆ ನಿಂತು ಬೆಳೆದಿತ್ತೋ ಹಾಗೇ ನಿಲ್ಲಿಸಬೇಕು. ಬೆಣೆಗಳನ್ನು ಎಸೆಯಬೇಡಿ. ಒಂದು ಡಬ್ಬಿಯಲ್ಲಿ ಹಾಕಿಡಿ. ಒಳ್ಳೇ ಗಟ್ಟಿಮರದ ಬೆಣೆ ಈಗ ಹುಡುಕಿದರೂ ಸಿಗುವುದು ಕಷ್ಟ. ಯಾವ ದಿನ ಬಿಚ್ಚುತ್ತೀರಿ ಹೇಳಿ, ನಾನೂ ಒಂದು ದಿನ ಬಂದು ಕೈ ಹಾಕುತ್ತೇನೆ.